ಹಳೇ ಪಲ್ಪರ್‌ಗೆ ಹೊಸ ಬೇರಿಂಗ್: ಕ್ಯಾಡ್‌ನಲ್ಲಿ ಯಾವುದನ್ನು ಕಟ್ಟಿದೆ, ಯಾವುದನ್ನು ಬಿಟ್ಟೆ

ಸೋಮವಾರಪೇಟೆ ಹತ್ತಿರದ ಮಾವನ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಹಳೇ ಡ್ರಮ್ ಪಲ್ಪರ್ ಇದೆ. ಮೊದಲು ಕೈಯಲ್ಲಿ ತಿರುಗಿಸುತ್ತಿದ್ದದ್ದು, ಆಮೇಲೆ ಮೋಟರ್ ಬಂತು. ಎರಡು ಪಕ್ಕಕ್ಕೂ ಎರಕದ ಚೌಕಟ್ಟು, ನಡುವೆ ಉಬ್ಬು ಉಬ್ಬಾದ ತಗಡು ಸುತ್ತಿದ ಡ್ರಮ್, ಅದರ ಎದುರಿಗೆ ಬ್ರೆಸ್ಟ್ ಪ್ಲೇಟ್. ಹಣ್ಣು ಇವೆರಡರ ನಡುವೆ ಸಿಕ್ಕಿ ಒತ್ತಿಕೊಂಡಾಗ ಬೀಜ ಹೊರಕ್ಕೆ ಜಾರುತ್ತದೆ, ಸಿಪ್ಪೆ ಡ್ರಮ್ ಜೊತೆ ಹೋಗುತ್ತದೆ. ಇಡೀ ಯಂತ್ರದ ಜೀವ ಆ ಸಂದಿನಲ್ಲೇ ಇದೆ. ಸಿಪ್ಪೆ ದಾಟಬೇಕು, ಬೀಜ ದಾಟಬಾರದು.

ಕಳೆದ ಕೊಯ್ಲಿನಲ್ಲಿ ಆ ಸಂದು ಎರಡು ತುದಿಯಲ್ಲಿ ಎರಡು ತರ ಇತ್ತು. ಬಲಗಡೆ ಅರೇಬಿಕಾ ಹಣ್ಣು ಇಡಿಯಾಗಿಯೇ ಹೊರಗೆ ಬೀಳುತ್ತಿತ್ತು. ಅದನ್ನು ಸರಿಮಾಡೋಣ ಅಂತ ಬ್ರೆಸ್ಟನ್ನು ಮುಂದಕ್ಕೆ ತಂದರೆ ಎಡಗಡೆ ಬೀಜಕ್ಕೆ ಕಚ್ಚು ಬೀಳುತ್ತಿತ್ತು. ಕಚ್ಚು ಬಿದ್ದ ಬೀಜ ಹುದುಗುವಾಗಲೇ ಕೆಡಲು ಶುರುವಾಗುತ್ತದೆ, ಒಣಗಿದ ಮೇಲೆ ಕಪ್ಪು ಗೆರೆ ಬಿಟ್ಟುಕೊಂಡು ಇಡೀ ಮೂಟೆಯ ಮರ್ಯಾದೆ ಕಳೆಯುತ್ತದೆ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬೆಲ್ಟ್ ಇರುವುದು ಬಲಗಡೆ. ಅಲ್ಲಿನ ಹಿತ್ತಾಳೆ ಬುಷ್, ಅಂದರೆ ಶಾಫ್ಟ್ ಒಳಗೆ ತಿರುಗುವ ಕೊಳವೆ, ಮೊಟ್ಟೆಯಾಕಾರಕ್ಕೆ ಸವೆದಿತ್ತು, ಅದೂ ಬ್ರೆಸ್ಟಿನಿಂದ ಆಚೆ ಕಡೆಗೆ. ಫ್ಲೈವೀಲ್ ಹಿಡಿದು ಅಲ್ಲಾಡಿಸಿದರೆ ಶಾಫ್ಟ್ ಟಕ್ ಟಕ್ ಅನ್ನುತ್ತಿತ್ತು.

ಬುಷ್ ಬದಲಿಸಿದರೆ ಸಾಕಲ್ವಾ ಅಂತ ಮಾವ ಕೇಳಿದರು. ಸಾಕು, ಎರಡು ವರ್ಷಕ್ಕೆ. ಹಿಂದೆ ಬದಲಿಸಿದವರೂ ಅದನ್ನೇ ಮಾಡಿದ್ದರು. ನನಗೆ ಬೇಕಿದ್ದದ್ದು ಚೌಕಟ್ಟಿನ ಹೊರಗಡೆ ಬ್ರಾಕೆಟ್ ಕೂರಿಸಿ ಪ್ಲಮ್ಮರ್ ಬ್ಲಾಕ್ (ಎರಕದ ಮನೆಯೊಳಗೆ ಕೂತ ಬೇರಿಂಗ್) ಹಾಕುವುದು, ಜೊತೆಗೆ ಬ್ರೆಸ್ಟ್ ಕೂರುವ ರೀತಿಯನ್ನೇ ಬದಲಿಸುವುದು. ಪಲ್ಪರ್ ಬಿಚ್ಚಿಡಲು ಮಳೆಗಾಲವೇ ಸರಿಯಾದ ಕಾಲ. ಕೊಡಗಿನ ಕಕ್ಕಡ ತಿಂಗಳ 18ರ (ಆಗಸ್ಟ್ ಮೊದಲ ವಾರ) ಆಟಿ ಸೊಪ್ಪಿನ ಪಾಯಸ ಮುಗಿಯುವ ಹೊತ್ತಿಗೆ ಅಳತೆ ಎಲ್ಲ ಕೈಲಿರಬೇಕು ಅಂತ ಲೆಕ್ಕ ಹಾಕಿಕೊಂಡೆ. ಹೊರಗೆ ಮಳೆ ಸುರಿಯುತ್ತಿರುವಾಗ ತೋಟದಲ್ಲಿ ಬೇರೆ ಕೆಲಸವಾದರೂ ಏನಿರುತ್ತದೆ?

ಕಬ್ಬಿಣಕ್ಕೆ ಕೈ ಹಾಕುವ ಮುಂಚೆ ಎಲ್ಲವನ್ನೂ ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ, ಬಿಡಿಸಿ ಜೋಡಿಸಿ ನೋಡಿದೆ. ತಂತ್ರಾಂಶ ಫ್ರೀಕ್ಯಾಡ್. ಹಣ ಕೊಡಬೇಕಿಲ್ಲ, ನೆಟ್ ಇಲ್ಲದಿದ್ದರೂ ಓಡುತ್ತದೆ. ಜುಲೈನಲ್ಲಿ ಕರೆಂಟು, ಟವರ್ ಎರಡೂ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡಬಹುದು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ಅಸೆಂಬ್ಲಿ ವರ್ಕ್‌ಬೆಂಚ್ (ಬಿಡಿಸಿದ ಭಾಗಗಳನ್ನು ಜೋಡಿಸುವ ವಿಭಾಗ) ಅದರೊಳಗೇ ಇದೆ. ಅದಕ್ಕೂ ಮುಂಚೆ ಎ2ಪ್ಲಸ್, ಅಸೆಂಬ್ಲಿ3, ಅಸೆಂಬ್ಲಿ4 ಅಂತ ಆಡ್-ಆನ್‌ಗಳನ್ನು ಹಾಕಿಕೊಳ್ಳಬೇಕಿತ್ತು. ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಈಗ ಆ ತಲೆನೋವು ಕಡಿಮೆ.

ಅಳತೆ, ಸೊಟ್ಟ ಸಮೇತ

ಡ್ರಮ್ ಇಳಿಸಿ, ಸವೆದ ಬುಷ್‌ಗಳನ್ನು ಹೊಡೆದು ತೆಗೆದೆವು. ಎರಕದಲ್ಲಿರುವ ಮೂಲ ತೂತು ಮಾತ್ರ ಉಳಿಯಿತು. ಎರಡೂ ತೂತಿಗೆ ಮರದ ಬಿರಡೆ ಹಾಕಿ, ನಡುವೆ ಸಣ್ಣ ರಂಧ್ರ ಕೊರೆದು, ಮೀನು ಹಿಡಿಯುವ ಗಾಳದ ದಾರ ಎಳೆದು ಕಟ್ಟಿದೆವು. ದಾರ ಎಡ ಚೌಕಟ್ಟಿನ ಮುಖಕ್ಕೆ ನೇರವಾಗಿ ಹೊರಟರೆ ಬಲಗಡೆ ತೂತಿನ ನಡುಮಧ್ಯಕ್ಕೆ ಹೋಗಬೇಕು. ಹೋಗಲಿಲ್ಲ. ಬಲಗಡೆ ತೂತು 1.2 ಮಿಲಿಮೀಟರ್ ಹಿಂದಕ್ಕಿತ್ತು. ಸಾಲದ್ದಕ್ಕೆ ಬಲ ಚೌಕಟ್ಟು ಒಂಚೂರು ಹೊರಕ್ಕೆ ವಾಲಿತ್ತು. ತೂಕದ ಗುಂಡು ಇಳಿಬಿಟ್ಟು ನೋಡಿದರೆ 200 ಮಿ.ಮೀ ಎತ್ತರಕ್ಕೆ 1.5 ಮಿ.ಮೀ. ಅಂದರೆ ಅರ್ಧ ಡಿಗ್ರಿಗೂ ಕಡಿಮೆ, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಸಿಪ್ಪೆ ಮಾತ್ರ ದಾಟಬೇಕಾದ ಸಂದಿನ ಲೆಕ್ಕದಲ್ಲಿ 1.2 ಮಿ.ಮೀ ಅಂದರೆ ಸಿಕ್ಕಾಪಟ್ಟೆ ಜಾಸ್ತಿ.

ಈ ಎರಡು ಸಂಖ್ಯೆಗಳನ್ನು ಮಾದರಿಯೊಳಗೇ ಹಾಕಿದೆ. ಬಲ ಚೌಕಟ್ಟಿನ ಸ್ಕೆಚ್‌ನಲ್ಲಿ ತೂತಿನ ಕೇಂದ್ರ 1.2 ಹಿಂದಕ್ಕೆ, ಮುಖ ಅಷ್ಟೇ ಓರೆ. ಕ್ಯಾಡ್‌ನಲ್ಲಿ ಎಲ್ಲವನ್ನೂ ಚೊಕ್ಕಟವಾಗಿ ಬಿಡಿಸಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಎಡ ಚೌಕಟ್ಟು ಬಿಡಿಸಿ, ಮಿರರ್ ಮಾಡಿ, ಬಲಗಡೆ ಕೂರಿಸಿದರೆ ಐದೇ ನಿಮಿಷದ ಕೆಲಸ. ಹಾಗೆ ಮಾಡಿದರೆ ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಪಲ್ಪರ್ ಆಗುತ್ತದೆ. ನನ್ನ ಮುಂದಿರುವುದು ಅದಲ್ಲ. ಸೊಟ್ಟಗಿರುವುದನ್ನು ಸೊಟ್ಟಗೇ ಬಿಡಿಸಿದರೆ ಮಾತ್ರ ಯಾವ ಜಾಯಿಂಟ್ (ಒಂದು ಭಾಗವನ್ನು ಇನ್ನೊಂದಕ್ಕೆ ಕಟ್ಟುವ ರೀತಿ) ಯಾಕೆ ಬೇಕು ಅಂತ ತಿಳಿಯುತ್ತದೆ.

ಉಳಿದಂತೆ ಎರಕದ ಅಂಕುಡೊಂಕು, ಪಕ್ಕೆಲುಬು, ಅಕ್ಷರ ಇವನ್ನೆಲ್ಲ ಬಿಡಿಸಲು ಹೋಗಲಿಲ್ಲ. ಒಂದಕ್ಕೊಂದು ತಾಗುವ ಮುಖಗಳು, ತೂತುಗಳು, ಬ್ರೆಸ್ಟ್ ಕೂರುವ ಕಟ್ಟೆ ಇಷ್ಟು ಮಾತ್ರ ನಿಖರ. ಮಿಕ್ಕಿದ್ದು ಸುಮ್ನೆ ಇಟ್ಟಿಗೆ ತರದ ಒಂದು ತುಂಡು.

ನೆಲ ಯಾವುದು

ಅಸೆಂಬ್ಲಿಯಲ್ಲಿ ಮೊದಲು ಒಂದು ಭಾಗವನ್ನು ನೆಲಕ್ಕೆ ಕಟ್ಟಬೇಕು. ಫ್ರೀಕ್ಯಾಡ್‌ನಲ್ಲಿ ಇದು ಗ್ರೌಂಡೆಡ್. ಎಡ ಚೌಕಟ್ಟನ್ನು ಕಟ್ಟಿದೆ. ಅಳತೆಯೆಲ್ಲ ಅಲ್ಲಿಂದಲೇ ತೆಗೆದಿದ್ದೆ. ಬಲಗಡೆ ಬೆಲ್ಟಿನ ಎಳೆತ ತಿಂದು ತಿಂದು ನಂಬಿಕೆ ಕಳಕೊಂಡಿದೆ. ಅಳತೆ ಎಲ್ಲಿಂದ ಹೊರಟಿತೋ ಅದನ್ನೇ ನೆಲ ಮಾಡಿಕೊಂಡರೆ ಮುಂದೆ ಸಂಖ್ಯೆ ತಿರುಗುಮುರುಗು ಆಗುವುದಿಲ್ಲ.

ಇನ್ನೊಂದು ಅಭ್ಯಾಸ. ಒಟ್ಟಿಗೇ ತಿರುಗುವ ಡ್ರಮ್, ಶಾಫ್ಟ್, ಫ್ಲೈವೀಲ್ ಮೂರನ್ನೂ ಬೇರೆ ಫೈಲಿನಲ್ಲಿ ಒಂದು ಉಪ-ಅಸೆಂಬ್ಲಿ ಮಾಡಿ, ಅದನ್ನು ರಿಜಿಡ್ ಅಂತ ಇಟ್ಟು ಒಳಗೆ ತಂದೆ. ಮುಖ್ಯ ಅಸೆಂಬ್ಲಿಗೆ ಅದು ಒಂದೇ ತುಂಡು. ಜಾಯಿಂಟ್ ಪಟ್ಟಿ ಚಿಕ್ಕದಾಗಿದ್ದಷ್ಟೂ ತಲೆ ತಣ್ಣಗಿರುತ್ತದೆ.

ಜಾಯಿಂಟ್ ಹಾಕುವಾಗ ಯಾವ ಅಂಚನ್ನು ಹಿಡಿಯುತ್ತೀರಿ ಅನ್ನುವುದೂ ಮುಖ್ಯ. ದುಂಡು ಅಂಚು ಕ್ಲಿಕ್ ಮಾಡಿದರೆ ಅದರ ಕೇಂದ್ರದಲ್ಲಿ ಒಂದು ಪುಟ್ಟ ಅಕ್ಷಗಳ ಗುರುತು ಬರುತ್ತದೆ, ಅದರ ಝಡ್ ಅಕ್ಷ ತೂತಿನ ನೇರಕ್ಕೆ ನಿಲ್ಲುತ್ತದೆ. ನಾನು ಹಿಡಿದದ್ದು ಯಾವಾಗಲೂ ದೊಡ್ಡ ತೂತಿನ ಅಂಚು. ಫಿಲೆಟ್ ಮಾಡಿದ, ಅಂದರೆ ಗುಂಡಗೆ ಮಾಡಿದ, ಮೂಲೆಯ ಅಂಚಿಗೆ ಜಾಯಿಂಟ್ ಹಾಕಲೇಬೇಡಿ. ನಾಳೆ ಫಿಲೆಟ್ ಅಳತೆ ಬದಲಿಸಿದಾಗ ಆ ಅಂಚಿನ ಹೆಸರೇ ಬದಲಾಗಿ ಜಾಯಿಂಟ್ ಎಲ್ಲಿಗೋ ಹಾರಬಹುದು. 1.0ರಲ್ಲಿ ಈ ಕಾಟ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಶಾಫ್ಟಿಗೆ ಎಷ್ಟು ಅಲುಗಾಟ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇಡೀ ಕೆಲಸದ ತಿರುಳು ಇದೇ.

ಗಾಳಿಯಲ್ಲಿ ತೇಲುತ್ತಿರುವ ಯಾವುದೇ ತುಂಡಿಗೆ ಆರು ತರದ ಅಲುಗಾಟ ಇರುತ್ತದೆ. ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಅಂತ ಮೂರು. ಆ ಮೂರೂ ಗೆರೆಗಳ ಸುತ್ತ ತಿರುಗುವುದು ಇನ್ನು ಮೂರು. ಜಾಯಿಂಟ್ ಅಂದರೆ ಇವುಗಳಲ್ಲಿ ಕೆಲವನ್ನು ಕಟ್ಟುವುದು. ಫಿಕ್ಸ್ಡ್ ಜಾಯಿಂಟ್ ಆರನ್ನೂ ಕಟ್ಟುತ್ತದೆ. ರೆವಲ್ಯೂಟ್ ಐದನ್ನು ಕಟ್ಟಿ ತಿರುಗುವುದೊಂದನ್ನು ಬಿಡುತ್ತದೆ. ಸ್ಲೈಡರ್ ಕೂಡ ಐದನ್ನು ಕಟ್ಟುತ್ತದೆ, ಜಾರುವುದನ್ನು ಬಿಡುತ್ತದೆ. ಸಿಲಿಂಡ್ರಿಕಲ್ ನಾಲ್ಕನ್ನು ಕಟ್ಟಿ ತಿರುಗುವುದು, ಜಾರುವುದು ಎರಡನ್ನೂ ಬಿಡುತ್ತದೆ. ಬಾಲ್ ಜಾಯಿಂಟ್ ಮೂರನ್ನು ಮಾತ್ರ ಕಟ್ಟುತ್ತದೆ. ಕೇಂದ್ರ ಕದಲದು, ಯಾವ ಕಡೆಗಾದರೂ ವಾಲಬಹುದು.

ಶಾಫ್ಟಿಗೆ ಬೇಕಾದದ್ದು ಒಂದೇ ಅಲುಗಾಟ, ತಿರುಗುವುದು. ಉಳಿದ ಐದನ್ನು ಕಟ್ಟಬೇಕು. ಎರಡು ಬೇರಿಂಗ್ ಇದೆ, ಎರಡಕ್ಕೂ ರೆವಲ್ಯೂಟ್ ಹಾಕಿದರೆ ಆಯ್ತಲ್ಲ ಅಂತ ಅನ್ನಿಸುತ್ತದೆ. ಲೆಕ್ಕ ಮಾಡಿ ನೋಡಿ: ಐದು, ಐದು, ಒಟ್ಟು ಹತ್ತು ಕಟ್ಟು. ಶಾಫ್ಟಿಗೆ ಇರುವುದೇ ಆರು ಅಲುಗಾಟ. ಅಲ್ಲಿಗೆ ಬೇಕಿದ್ದ ಐದಕ್ಕಿಂತ ಐದು ಕಟ್ಟು ಜಾಸ್ತಿ. ಚೊಕ್ಕಟ ಮಾದರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಎರಡು ತೂತೂ ಒಂದೇ ಗೆರೆಯಲ್ಲಿ ಇರುವುದರಿಂದ ಎರಡನೇ ಜಾಯಿಂಟ್ ಮೊದಲನೆಯದು ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಕಟ್ಟುಗಳ ಲೆಕ್ಕ ಬಿಡಿಸುವ ಸಾಲ್ವರ್ ತೆಪ್ಪಗಿರುತ್ತದೆ. ಆದರೆ ನನ್ನ ಸೊಟ್ಟ ಮಾದರಿಯಲ್ಲಿ ಎರಡು ರೆವಲ್ಯೂಟ್ ಹಾಕಿ ನೋಡಿದರೆ ಅದು ಒಪ್ಪಲಿಲ್ಲ. ಒಂದು ತೂತು ಇಲ್ಲಿ ಅನ್ನುತ್ತದೆ, ಇನ್ನೊಂದು 1.2 ಅಲ್ಲಿ ಅನ್ನುತ್ತದೆ, ಶಾಫ್ಟ್ ಪಾಪ ಬಗ್ಗಲಾರದು.

ಇದು ತಂತ್ರಾಂಶದ ಹಟ ಅಲ್ಲ. ಹಳೇ ಬುಷ್‌ಗಳ ಕಥೆಯೂ ಇದೇ. ಉದ್ದನೆಯ ಹಿತ್ತಾಳೆ ಬುಷ್ ಅಂದರೆ ಬಿಗಿಯಾದ ಕೊಳವೆ, ಅದು ಶಾಫ್ಟಿನ ದಿಕ್ಕನ್ನೂ ಹಿಡಿದು ನಿಲ್ಲಿಸುತ್ತದೆ. ಅಂಥ ಎರಡು ಕೊಳವೆ ಒಂದೇ ಗೆರೆಯಲ್ಲಿಲ್ಲದಿದ್ದರೆ ಜಗಳ ಅಲ್ಲೇ ಶುರು. ಲೋಹದಲ್ಲಿ ಅಂಥ ಜಗಳ ತೀರುವುದು ಸವೆತದಿಂದ. ಹಿತ್ತಾಳೆ ಮೆತ್ತಗಿತ್ತು, ಅದು ಸೋತಿತು.

ಈಗ ಪ್ಲಮ್ಮರ್ ಬ್ಲಾಕನ್ನು ಕೈಯಲ್ಲಿ ಹಿಡಿದು ನೋಡಿ. ನಾನು ತಂದದ್ದು ಯುಸಿಪಿ 205, 25 ಮಿ.ಮೀ ಶಾಫ್ಟಿಗೆ. ಒಳಗಿನ ಬೇರಿಂಗಿನ ಹೊರಮೈ ನೇರ ಸಿಲಿಂಡರ್ ಅಲ್ಲ, ಗೋಳದ ತುಂಡು. ಎರಕದ ಮನೆಯ ಒಳಗೂ ಅದೇ ಗೋಳದ ಗುಳಿ. ಒಂದು ಪೈಪ್ ತೂರಿಸಿ ಒತ್ತಿದರೆ ಬೇರಿಂಗ್ ತನ್ನ ಮನೆಯೊಳಗೆ ಮೆಲ್ಲಗೆ ವಾಲುತ್ತದೆ. ಹೊಸದು ತುಂಬ ಬಿಗಿ, ಎರಡೂ ಕೈ ಬೇಕು. ಜೋಡಿಸುವಾಗಿನ ಒಂದೆರಡು ಡಿಗ್ರಿ ಓರೆಯನ್ನು ಇದು ಆರಾಮಾಗಿ ನುಂಗುತ್ತದೆ. ನನ್ನ ಓರೆ ಅರ್ಧ ಡಿಗ್ರಿಯೂ ಇಲ್ಲ. ಅಂದರೆ ಇದು ರೆವಲ್ಯೂಟ್ ಅಲ್ಲವೇ ಅಲ್ಲ. ಮನೆಗೂ ಬೇರಿಂಗಿಗೂ ನಡುವೆ ಇರುವುದು ಬಾಲ್ ಜಾಯಿಂಟ್.

ಹಾಗಾಗಿ ಬ್ಲಾಕನ್ನು ಎರಡು ತುಂಡಾಗಿ ಬಿಡಿಸಿದೆ, ಮನೆ ಬೇರೆ, ಒಳಗಿನ ಬೇರಿಂಗ್ ಬೇರೆ. ನೆಟ್‌ನಲ್ಲಿ ಇಳಿಸಿಕೊಳ್ಳಲು ಸಿಗುವ ಮಾದರಿಗಳಲ್ಲಿ ಬಹಳಷ್ಟು ಒಂದೇ ಗಟ್ಟಿ ತುಂಡು, ನೋಡಲು ಚೆಂದ, ಈ ಕೆಲಸಕ್ಕೆ ಬಾರದು. ಎಡಗಡೆ ಬೇರಿಂಗನ್ನು ಶಾಫ್ಟಿಗೆ ಫಿಕ್ಸ್ಡ್ ಮಾಡಿದೆ, ಅಲ್ಲಿ ಬೇರಿಂಗನ್ನು ಶಾಫ್ಟಿಗೆ ಹಿಡಿಯುವ ಗ್ರಬ್ ಸ್ಕ್ರೂ ಬಿಗಿಯಾಗಿರುತ್ತದೆ. ಬಲಗಡೆ ಬೇರಿಂಗ್ ಶಾಫ್ಟಿನ ಮೇಲೆ ಜಾರಬಹುದು, ಅದಕ್ಕೆ ಸ್ಲೈಡರ್. ಎರಡೂ ಮನೆಯಲ್ಲಿ ಬಾಲ್ ಜಾಯಿಂಟ್.

ಲೆಕ್ಕ: ಶಾಫ್ಟ್ ಮತ್ತು ಎಡ ಬೇರಿಂಗ್ ಸೇರಿ ಒಂದು ತುಂಡು, 6. ಬಲ ಬೇರಿಂಗ್ 6. ಒಟ್ಟು 12. ಎಡ ಬಾಲ್ 3 ಕಳೆಯಿತು, ಬಲ ಬಾಲ್ 3 ಕಳೆಯಿತು, ಸ್ಲೈಡರ್ 5 ಕಳೆಯಿತು. ಉಳಿದದ್ದು 1.

ಮೌಸ್‌ನಲ್ಲಿ ಫ್ಲೈವೀಲ್ ಹಿಡಿದು ಎಳೆದೆ. ಡ್ರಮ್ ತಿರುಗಿತು. ಬೇರೆ ಯಾವ ಕಡೆಗೂ ಹೋಗಲಿಲ್ಲ. ಸೊಟ್ಟ ಚೌಕಟ್ಟಿನಲ್ಲೇ, ಸಾಲ್ವರ್ ತುಟಿಪಿಟಕ್ ಅನ್ನದೆ. ಅಸೆಂಬ್ಲಿಯಲ್ಲಿ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಪ್ರತಿ ಭಾಗವನ್ನೂ ಹಿಡಿದು ಎಳೆಯಬೇಕು. ಚಲಿಸಬಾರದ್ದು ಚಲಿಸಿದರೆ ಕಟ್ಟು ಕಡಿಮೆ, ಚಲಿಸಬೇಕಾದ್ದು ನಿಂತರೆ ಕಟ್ಟು ಜಾಸ್ತಿ.

ಬೇರೆ ಕ್ಯಾಡ್ ಬಳಸುವವರಿಗೆ ಒಂದು ಮಾತು. ಸಾಲಿಡ್‌ವರ್ಕ್ಸ್‌ನಲ್ಲಿ ಇದನ್ನೇ ಮೇಟ್ ಅನ್ನುತ್ತಾರೆ. ಅಲ್ಲಿ ಮುಖಕ್ಕೆ ಮುಖ, ಅಕ್ಷಕ್ಕೆ ಅಕ್ಷ ಅಂತ ಒಂದೊಂದಾಗಿ ಕಟ್ಟುವುದು ರೂಢಿ. ದಾರಿ ಬೇರೆ, ಆರರ ಲೆಕ್ಕ ಅದೇ. ಪರದೆಯ ಮೇಲೆ ಕಟ್ಟು ಹಾಕಿ ಚಿತ್ರ ಬಿಡಿಸುವುದು ಹೊಸ ವಿಷಯವೂ ಅಲ್ಲ, 1963ರಲ್ಲೇ ಎಂಐಟಿಯಲ್ಲಿ ಇವಾನ್ ಸದರ್ಲೆಂಡ್ ಸ್ಕೆಚ್‌ಪ್ಯಾಡ್‌ನಲ್ಲಿ ಮಾಡಿ ತೋರಿಸಿದ್ದರು.

ಆಂಗಲ್‌ನ ಒಳಮೂಲೆ

ಬ್ಲಾಕ್ ಕೂರಲು ಚೌಕಟ್ಟಿನ ಹೊರಮುಖಕ್ಕೆ ‘ಎಲ್’ ಆಕಾರದ ಆಂಗಲ್ ತುಂಡನ್ನು ಬ್ರಾಕೆಟ್ ಆಗಿ ಬೋಲ್ಟ್ ಮಾಡುವುದು ಯೋಜನೆ. ಯುಸಿಪಿ 205ರ ತಳದಿಂದ ಶಾಫ್ಟ್ ಕೇಂದ್ರಕ್ಕೆ 36.5 ಮಿ.ಮೀ, ತಳದ ಉದ್ದ 140, ಅಗಲ 38, ಎರಡು ಬೋಲ್ಟಿನ ನಡುವೆ 105. ಮನೆಯಲ್ಲಿ 50×50×6ರ ಆಂಗಲ್ ಬಿದ್ದಿತ್ತು. 50ರಲ್ಲಿ ದಪ್ಪ 6 ಕಳೆದರೆ 44, ಅದರಲ್ಲಿ 38 ಕೂರುತ್ತದೆ ಅನ್ನಿಸುತ್ತದೆ. ಆದರೆ ಆಂಗಲ್‌ನ ಒಳಮೂಲೆ ಚೂಪಲ್ಲ, ಅಲ್ಲಿ ಸುಮಾರು 6 ಮಿ.ಮೀ ತ್ರಿಜ್ಯದ ಗುಂಡು ಇರುತ್ತದೆ. ಅದನ್ನು ಮಾದರಿಯಲ್ಲಿ ಹಾಕಿದ ಕೂಡಲೇ ಚಪ್ಪಟೆ ಜಾಗ 38ಕ್ಕೆ ಇಳಿಯಿತು. ಬ್ಲಾಕಿನ ತಳವೂ 38. ಎರಕದ ತಳದ ಅಂಚು ಅರ್ಧ ಮಿಲಿ ಹೆಚ್ಚಾಗಿ ಬಂದಿದ್ದರೂ ಬ್ಲಾಕ್ ಗುಂಡಿನ ಮೇಲೆ ಹತ್ತಿ ಕೂರುತ್ತದೆ, ಬೋಲ್ಟ್ ಬಿಗಿ ಮಾಡಿದಾಗ ವಾಲುತ್ತದೆ. 65×65×6 ತರಿಸಿದೆವು.

ಬೇರಿಂಗ್ ಹೊರಗೆ ಹೋದದ್ದರಿಂದ ಶಾಫ್ಟ್ ಉದ್ದ ಬೇಕಾಯಿತು. ಇಎನ್8 ಉಕ್ಕಿನ ಬ್ರೈಟ್ ಬಾರ್, ಕುಶಾಲನಗರದಲ್ಲಿ ಲೇತ್‌ಗೆ ಕೊಟ್ಟೆವು. ಹಳೇ ಶಾಫ್ಟನ್ನು ಮಾದರಿಗೆ ಕೊಡಲಿಲ್ಲ, ಕೊಟ್ಟರೆ ಸವೆತದ ಅಳತೆಯನ್ನೇ ಹಿಡಿದುಬಿಡುತ್ತಾರೆ. ಡ್ರಾಯಿಂಗ್ ಮಾತ್ರ.

ಬ್ರಾಕೆಟ್ ಡ್ರಾಯಿಂಗ್ ನೋಡಿ ಲೇತ್ ಅಂಗಡಿಯವರು ಕೇಳಿದರು:

“ಸಾರ್, ಎಡದ್ದು ಬಲದ್ದು ಬೇರೆ ಬೇರೆ ಇದೆಯಲ್ಲ. 1.2 ಅಷ್ಟೇ ವ್ಯತ್ಯಾಸ. ಎರಡನ್ನೂ ಜೋಡಿಸಿ ಒಟ್ಟಿಗೇ ಡ್ರಿಲ್ ಹೊಡೆದುಬಿಡ್ಲಾ?”

“ಬೇಡ ಅಣ್ಣ, ಆ 1.2ಗೋಸ್ಕರವೇ ಇಷ್ಟೆಲ್ಲ ಮಾಡಿದ್ದು.”

ಅವರು ಕೇಳಿದ್ದು ನ್ಯಾಯವೇ. ಜೋಡಿ ಪ್ಲೇಟುಗಳನ್ನು ಒಟ್ಟಿಗೆ ಕ್ಲಾಂಪ್ ಮಾಡಿ ಕೊರೆಯುವುದು ವರ್ಕ್‌ಶಾಪಿನ ಒಳ್ಳೆ ಪದ್ಧತಿ. ಇಲ್ಲಿ ಮಾತ್ರ ಬೇಡ. ಬಲ ಬ್ರಾಕೆಟ್ಟಿನಲ್ಲಿ ಬ್ಲಾಕಿನ ತೂತುಗಳು 1.2 ಮುಂದಕ್ಕೆ ಬಂದರೆ ಚೌಕಟ್ಟಿನ ತಪ್ಪು ಅಲ್ಲೇ ಕಳೆದುಹೋಗುತ್ತದೆ. ಪ್ರತಿ ತುಂಡಿನ ಮೇಲೂ ಪಂಚ್‌ನಲ್ಲಿ ‘ಎ’, ‘ಬ’ ಅಂತ ಹೊಡೆಸಿದೆ.

ಕ್ಯಾಡ್‌ನಲ್ಲಿ ಬೋಲ್ಟ್ ಮತ್ತು ತೂತಿನ ಕೇಂದ್ರ ಒಂದೇ ಅಂತ ಜಾಯಿಂಟ್ ಹಾಕುತ್ತೇವೆ. ನಿಜದಲ್ಲಿ 12ರ ಬೋಲ್ಟಿಗೆ 13ರ ತೂತು. ಅರ್ಧ ಮಿಲಿ ಆ ಕಡೆ, ಅರ್ಧ ಮಿಲಿ ಈ ಕಡೆ ಹೋಗಬಹುದು. ಅಲ್ಲಿ ಬೋಲ್ಟ್ ಜಾಗ ತೋರಿಸುವುದಿಲ್ಲ, ಬಿಗಿಯಾಗಿ ಒತ್ತಿ ಹಿಡಿಯುತ್ತದೆ ಅಷ್ಟೇ. ಹಾಗಾಗಿ ಬ್ರಾಕೆಟ್ಟಿಗೆ ಎರಡೆರಡು 8 ಮಿ.ಮೀ ಡೋವೆಲ್ ಪಿನ್ ಸೇರಿಸಿದೆ. ಅವುಗಳ ತೂತನ್ನು ಮೊದಲೇ ಕೊರೆಸಲಿಲ್ಲ. ದಾರ ಎಳೆದು ಎಲ್ಲ ನೇರ ಬಂದ ಮೇಲೆ, ಜಾಗದಲ್ಲೇ ಚೌಕಟ್ಟು ಬ್ರಾಕೆಟ್ ಎರಡನ್ನೂ ಒಟ್ಟಿಗೆ ಕೊರೆದು ಪಿನ್ ಹೊಡೆಯುವುದು. ಮುಂದೆ ಯಾವಾಗ ಬಿಚ್ಚಿ ಕೂರಿಸಿದರೂ ಪಿನ್ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಬ್ರೆಸ್ಟ್: ಮೂರು, ಎರಡು, ಒಂದು

ಹಳೇ ಬ್ರೆಸ್ಟ್ ನಾಲ್ಕು ಮೂಲೆಯಲ್ಲಿ ಎಡ-ಬಲದ ಕಟ್ಟೆಗಳ ಮೇಲೆ ಕೂರುತ್ತಿತ್ತು, ನಾಲ್ಕು ಬೋಲ್ಟ್. ಬಲಗಡೆ ಕಟ್ಟೆ ಒಂಚೂರು ತಗ್ಗು. ನಾಲ್ಕನೇ ಬೋಲ್ಟ್ ಬಿಗಿ ಮಾಡಿದಾಗಲೆಲ್ಲ ಬ್ರೆಸ್ಟ್ ಫ್ರೇಮ್ ತಿರುಚಿಕೊಳ್ಳುತ್ತಿತ್ತು. ಬಿಗಿ ಮಾಡುವ ಮುಂಚೆ ಸಂದು ಸರಿ, ಮಾಡಿದ ಮೇಲೆ ತಪ್ಪು. ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲಲ್ಲ ಅಂತ ಮಾವ ಗೊಣಗುತ್ತಿದ್ದದ್ದು ಇದಕ್ಕೇ.

ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಯಾವತ್ತೂ ಅಲ್ಲಾಡುವುದಿಲ್ಲ, ಕಲ್ಲು ಒಂದಕ್ಕೊಂದು ಎತ್ತರ ತಗ್ಗಾದರೂ. ಇಲ್ಲೂ ಅದೇ ಉಪಾಯ. ಎಡ ಕಟ್ಟೆಯ ಮೇಲೆ ಎರಡು ಸಣ್ಣ ಪ್ಯಾಡ್, ಬಲ ಕಟ್ಟೆಯ ನಡುವೆ ಒಂದು. ಈ ಮೂರು ಸೇರಿ ಮೂರು ಅಲುಗಾಟ ಕಟ್ಟಿದವು: ಮೇಲೆ-ಕೆಳಗೆ ಮತ್ತು ಎರಡು ವಾಲುವಿಕೆ. ಉಳಿದದ್ದು ಆ ಮಟ್ಟದ ಮೇಲೆ ಜಾರುವುದು ಮತ್ತು ಅಲ್ಲೇ ತಿರುಗುವುದು. ಹಿಂದಿನಿಂದ ಎರಡು ಎಂ10 ಸ್ಕ್ರೂ, ಒಂದೊಂದು ತುದಿಗೆ ಒಂದು, ಬ್ರೆಸ್ಟನ್ನು ಡ್ರಮ್ ಕಡೆಗೆ ತಳ್ಳುತ್ತವೆ. ಹಿಂದೆ-ಮುಂದೆ ಮತ್ತು ಓರೆ, ಎರಡೂ ಕಟ್ಟಾಯಿತು. ಕೊನೆಗೆ ಎಡ-ಬಲ ಜಾರದಂತೆ ಒಂದು 10 ಮಿ.ಮೀ ಪಿನ್, ಡ್ರಮ್ ಕಡೆಗೆ ಉದ್ದವಿರುವ ಸ್ಲಾಟ್‌ನಲ್ಲಿ. ಮೂರು, ಎರಡು, ಒಂದು. ಆರು ಮುಗಿಯಿತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕೆಲಸದ ತುಂಡನ್ನು ಹಿಡಿದು ನಿಲ್ಲಿಸುವ ಜಿಗ್ ಫಿಕ್ಸ್ಚರ್ ಮಾಡುವವರಿಗೆ ಇದು ದಿನಾ ಅನ್ನ ತಿಂದಷ್ಟು ಪರಿಚಯ.

ಮಾದರಿಯಲ್ಲಿ ಇದನ್ನು ಮುಖಕ್ಕೆ ಮುಖ ಅಂಟಿಸಿ ಮಾಡಲಿಲ್ಲ. ಪ್ಯಾಡ್ ಒಂದೊಂದಕ್ಕೂ ಬೇರೆ ಬೇರೆ ಡಿಸ್ಟೆನ್ಸ್ ಜಾಯಿಂಟ್, ಒಂದು ಬಿಂದು ಮತ್ತು ಒಂದು ಸಮತಲದ ನಡುವೆ, ದೂರ ಸೊನ್ನೆ. ಹಿಡಿಯಲು ಬಿಂದು ಬೇಕಲ್ಲ, ಅದಕ್ಕೆ ಮಾದರಿಯಲ್ಲಿ ಮಾತ್ರ ಪ್ಯಾಡಿನ ತುದಿಯನ್ನು ಪುಟ್ಟ ಕೋನ್ ಮಾಡಿದೆ. ಸ್ಕ್ರೂ ತುದಿಗಳಿಗೂ ಅದೇ ಜಾಯಿಂಟ್, ಆದರೆ ದೂರ ಬದಲಿಸುವಂತೆ. ಎಡ ಸ್ಕ್ರೂ ದೂರ ಬದಲಿಸಿದರೆ ಎಡ ಸಂದು ಮಾತ್ರ ಬದಲಾಗಬೇಕು, ಬಲ ಸಂದು ಹೆಚ್ಚುಕಮ್ಮಿ ಹಾಗೇ ಇರಬೇಕು. ಹಾಗೇ ಇತ್ತು. ಬಲ ಕಟ್ಟೆಯನ್ನು ಮಾದರಿಯಲ್ಲಿ ಬೇಕಂತಲೇ ಎರಡು ಮಿ.ಮೀ ತಗ್ಗಿಸಿ ನೋಡಿದೆ. ಬ್ರೆಸ್ಟ್ ಸ್ವಲ್ಪ ವಾಲಿ ಕೂತಿತು, ತಿರುಚಲಿಲ್ಲ, ಸಾಲ್ವರ್ ಜಗಳ ತೆಗೆಯಲಿಲ್ಲ.

ಕಟ್ಟಿ ಹಿಡಿಯುವ ಬೋಲ್ಟುಗಳೂ ಮೂರೇ. ಒಂದೊಂದು ಪ್ಯಾಡಿನ ನೇರ ಮೇಲೆ ಒಂದೊಂದು. ಪ್ಯಾಡಿಲ್ಲದ ಜಾಗದಲ್ಲಿ ಬೋಲ್ಟ್ ಒತ್ತಿದರೆ ಫ್ರೇಮ್ ಬಗ್ಗುತ್ತದೆ, ಇಷ್ಟು ಮಾಡಿದ್ದೆಲ್ಲ ಹೊಳೆಗೆ ಹೋಗುತ್ತದೆ. ತಳ್ಳುವ ಸ್ಕ್ರೂಗಳಿಗೆ ಎಳೆಯುವ ವ್ಯವಸ್ಥೆ ಬೇಕಿಲ್ಲ. ಹಣ್ಣು ಬಿದ್ದಾಗ ಬ್ರೆಸ್ಟ್ ತಾನೇ ಹಿಂದಕ್ಕೆ ಒತ್ತಿಕೊಂಡು ಸ್ಕ್ರೂ ತುದಿಗೆ ಅಂಟಿ ನಿಲ್ಲುತ್ತದೆ. ಲಾಕ್ ನಟ್ ಮಾತ್ರ ಮರೆಯಬಾರದು.

ಮೋಟರ್ ವಿಷಯ ಹೆಚ್ಚೇನಿಲ್ಲ. ಕೀಲಿರುವ ಪ್ಲೇಟಿನ ಮೇಲೆ ಕೂರಿಸಿದೆ, ಮೋಟರಿನ ಭಾರವೇ ಬೆಲ್ಟನ್ನು ಬಿಗಿ ಹಿಡಿಯುತ್ತದೆ. ಕೀಲಿಗೆ ಎರಡು ಕಿವಿ ಇದ್ದರೂ ಮಾದರಿಯಲ್ಲಿ ಒಂದೇ ರೆವಲ್ಯೂಟ್ ಸಾಕು. ಅದಕ್ಕೆ ಕೋನದ ಮಿತಿ ಹಾಕಿ ಪ್ಲೇಟ್ ಎಲ್ಲೂ ಚೌಕಟ್ಟಿಗೆ ತಾಗುವುದಿಲ್ಲ ಅಂತ ನೋಡಿಕೊಂಡೆ. 1440 ಸುತ್ತಿನ ಮೋಟರ್, 3 ಇಂಚಿನ ಪುಲ್ಲಿ, 24 ಇಂಚಿನ ಫ್ಲೈವೀಲ್. ಡ್ರಮ್ಮಿಗೆ ನಿಮಿಷಕ್ಕೆ 180ರ ಆಸುಪಾಸು.

ಜೋಡಿಸುವುದು

ಜೋಡಣೆಯ ಕ್ರಮ ಮಾದರಿಯಲ್ಲೇ ಬರೆದಿಟ್ಟಂತೆ ಇತ್ತು. ಎಡ ಬ್ರಾಕೆಟ್, ಎಡ ಬ್ಲಾಕ್, ಪೂರ್ತಿ ಬಿಗಿ. ಬಲ ಬ್ರಾಕೆಟ್ ಸಡಿಲ. ಶಾಫ್ಟ್ ತೂರಿಸಿ ಎಡಗಡೆ ಗ್ರಬ್ ಸ್ಕ್ರೂ ಬಿಗಿ. ಫ್ಲೈವೀಲನ್ನು ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿದೆವು, ಬೇರಿಂಗ್‌ಗಳು ತಮ್ಮ ದಿಕ್ಕು ತಾವೇ ನೋಡಿಕೊಂಡವು. ಆಮೇಲೆ ಬಲ ಬ್ರಾಕೆಟ್ ಬಿಗಿ, ಮತ್ತೆ ತಿರುಗಿಸಿ ನೋಡುವುದು, ಬಿಗಿತ ಹೆಚ್ಚಾಗಿಲ್ಲ ಅಂದರೆ ಡೋವೆಲ್. ಬಲಗಡೆ ಗ್ರಬ್ ಸ್ಕ್ರೂ ಎಲ್ಲಕ್ಕಿಂತ ಕೊನೆಗೆ. ಮಾದರಿಯಲ್ಲಿ ಸ್ಲೈಡರ್ ಇದ್ದದ್ದು ಆ ಸ್ಕ್ರೂ ಬಿಗಿಯಾಗುವ ಕ್ಷಣದವರೆಗೆ ಮಾತ್ರ. ಅದನ್ನು ಮೊದಲೇ ಬಿಗಿ ಮಾಡಿದರೆ ಉದ್ದದಲ್ಲಿರುವ ಚೂರುಪಾರು ತಪ್ಪಿಗೆ ಹೋಗಲು ಜಾಗವಿಲ್ಲದೆ ಎರಡೂ ಬೇರಿಂಗ್ ಒಂದಕ್ಕೊಂದು ಎದೆ ಕೊಟ್ಟು ತಳ್ಳುತ್ತಾ ಕೂರುತ್ತವೆ.

“ಅಲ್ಲಪ್ಪಾ, ಕಂಪ್ಯೂಟರ್‌ನಲ್ಲಿ ತಿರುಗಿದ್ರೆ ಇಲ್ಲೂ ತಿರುಗುತ್ತಾ?” ಮಾವ ಅಲ್ಲಿಯವರೆಗೆ ಕೇಳುತ್ತಲೇ ಇದ್ದರು. ಬೆಲ್ಟ್ ಹಾಕುವ ಮುಂಚೆ ಫ್ಲೈವೀಲನ್ನು ಒಮ್ಮೆ ಜೋರಾಗಿ ನೂಕಿ ಬಿಟ್ಟರು. ಅದು ತಿರುಗುತ್ತಲೇ ಇತ್ತು, ಅವರು ಕಾಫಿ ಕುಡಿಯಲು ಒಳಗೆ ಹೋದರು.

ಸಂದು ಅಳೆಯುವ ಫೀಲರ್ ಗೇಜ್‌ನಲ್ಲಿ ನೋಡಿದರೆ ಎರಡು ತುದಿಯ ಸಂದಿನ ನಡುವೆ 0.1 ಮಿ.ಮೀ ವ್ಯತ್ಯಾಸ ಉಳಿಯಿತು. ಡ್ರಮ್ಮಿನ ತಗಡೇ ಅದಕ್ಕಿಂತ ಜಾಸ್ತಿ ಏರುಪೇರು ಇರುವುದರಿಂದ ಇನ್ನೂ ಕೆದಕಲು ಹೋಗಲಿಲ್ಲ. ಮೋಟರಿನಲ್ಲಿ ಖಾಲಿ ಓಡಿಸಿ ಬೇರಿಂಗ್ ಮುಟ್ಟಿ ನೋಡಿದರೆ ಬೆಚ್ಚಗೆ, ಕೈ ಇಡಬಹುದಾದಷ್ಟು. ಡಿಸೆಂಬರಿನ ಅರೇಬಿಕಾ ಹಣ್ಣಿಗೆ ಎರಡೂ ಕಡೆ ಒಂದೇ ತರದ ಬೀಜ ಬಿತ್ತು. ಕಚ್ಚು ಪೂರ್ತಿ ಇಲ್ಲವೆಂದಲ್ಲ. ಹಣ್ಣಿನ ಗಾತ್ರ ಹೆಚ್ಚುಕಮ್ಮಿ ಇದ್ದಷ್ಟು ದಿನ ಯಾವ ಪಲ್ಪರ್‌ನಲ್ಲೂ ಕೆಲವು ಬೀಳುತ್ತವೆ. ಒಂದೇ ತುದಿಯಲ್ಲಿ ರಾಶಿ ಬೀಳುತ್ತಿದ್ದದ್ದು ನಿಂತಿತು.

ರೋಬಸ್ಟಾವನ್ನು ಮಾವ ಹೆಚ್ಚಾಗಿ ಚೆರ್ರಿಯಾಗಿಯೇ ಕಣದಲ್ಲಿ ಒಣಗಿಸುತ್ತಾರೆ, ಒಂದು ಪಾಲು ಮಾತ್ರ ಪಲ್ಪ್ ಮಾಡಿಸುತ್ತಾರೆ. ಆ ಹಣ್ಣು ಸಣ್ಣದು, ಸಂದು ಕಿರಿದಾಗಬೇಕು. ಎಂ10 ಸ್ಕ್ರೂವಿನ ಒಂದು ಸುತ್ತಿಗೆ 1.5 ಮಿ.ಮೀ, ಆರು ಮುಖದ ತಲೆಯಲ್ಲಿ ಒಂದು ಮುಖ ತಿರುಗಿಸಿದರೆ 0.25. ಎರಡೂ ಸ್ಕ್ರೂ ಅಷ್ಟಷ್ಟೇ ಮುಖ ತಿರುಗಿದರೆ ಬ್ರೆಸ್ಟ್ ಓರೆಯಾಗದೆ ಮುಂದೆ ಬರುತ್ತದೆ. ಅರೇಬಿಕಾ ಜಾಗಕ್ಕೆ ಬಿಳಿ ಪೇಂಟು, ರೋಬಸ್ಟಾಕ್ಕೆ ಹಳದಿ, ತಲೆಯ ಮೇಲೂ ಚೌಕಟ್ಟಿನ ಮೇಲೂ ಗೆರೆ ಎಳೆದಿದ್ದೇವೆ. ಇನ್ನು ಬಾಕಿ ಇರುವುದು ಬೆಲ್ಟಿಗೆ ಮುಚ್ಚಳ. ಮಕ್ಕಳು ಓಡಾಡುವ ಜಾಗ, ಅದಿಲ್ಲದೆ ಮುಂದಿನ ಕೊಯ್ಲಿಗೆ ಮೋಟರ್ ಸ್ವಿಚ್ ಒತ್ತುವುದಿಲ್ಲ ಅಂತ ಅತ್ತೆ ಹೇಳಿದ್ದಾರೆ, ಅದರ ಡ್ರಾಯಿಂಗ್ ಈಗ ಶುರು ಮಾಡಿದ್ದೇನೆ.